ಅಣೆಕಟ್ಟಿನ ಎತ್ತರವನ್ನಷ್ಟೇ ಕಲಿಸಬೇಡಿ: ಇಂಜಿನಿಯರಿಂಗ್ ಅಧ್ಯಾಪಕರಿಗೊಂದು ಬಹಿರಂಗ ಪತ್ರ

ಕರ್ನಾಟಕದ ಇಂಜಿನಿಯರಿಂಗ್ ಕಾಲೇಜುಗಳ ಅಧ್ಯಾಪಕರೇ,

ಸೆಪ್ಟೆಂಬರ್ 15 ಬಂತೆಂದರೆ ನಿಮ್ಮ ಸಭಾಂಗಣಗಳಲ್ಲಿ ಸರ್ ಎಂ.ವಿ. ಅವರ ಭಾವಚಿತ್ರಕ್ಕೆ ಹಾರ ಹಾಕುತ್ತೀರಿ. ಅಂದಿನ ಭಾಷಣಗಳಲ್ಲಿ ಜಪಾನಿನ ಹೆಸರು ಒಮ್ಮೆಯಾದರೂ ಬರುತ್ತದೆ. ಬರಬೇಕಾದದ್ದೇ. ವಿಶ್ವೇಶ್ವರಯ್ಯನವರು 1898ರಲ್ಲೇ ಜಪಾನಿಗೆ ಹೋಗಿ ಕಣ್ಣಾರೆ ನೋಡಿ ಬಂದವರು. ಏಷ್ಯಾದ ದೇಶವೊಂದು ಶಾಲೆ, ಕಾರ್ಖಾನೆ, ಶಿಸ್ತುಗಳ ಬಲದಿಂದ ತಲೆಯೆತ್ತಿ ನಿಲ್ಲಬಹುದು ಎಂಬ ನಂಬಿಕೆಗೆ ಅವರಿಗೆ ಅಲ್ಲಿ ಆಧಾರ ಸಿಕ್ಕಿತು. ಆ ಹಿರಿಯರ ಬಗ್ಗೆ ನನಗೂ ನಿಮ್ಮಷ್ಟೇ ಗೌರವವಿದೆ. ನನ್ನ ಅಳಲು ಇರುವುದು ಜಪಾನಿನ ಕತೆಯನ್ನು ನಾವು ವಿದ್ಯಾರ್ಥಿಗಳಿಗೆ ಹೇಳುವ ಕ್ರಮದ ಬಗ್ಗೆ. ಮೇಜಿ ಕಾಲದ ಏಳಿಗೆಯಿಂದ ಶುರು ಮಾಡುತ್ತೇವೆ, ಹಿರೋಷಿಮಾದ ಬೂದಿಗೆ ಹಾರುತ್ತೇವೆ, ಅಲ್ಲಿಂದ 1964ರ ಬುಲೆಟ್ ರೈಲು ಹತ್ತುತ್ತೇವೆ. ನಡುವಿನ 1931ರಿಂದ 1945ರವರೆಗಿನ ಕಾಲ ಸೇನಾಧಿಕಾರಿಗಳ ಹುಚ್ಚಾಟವೆಂದು ಬದಿಗೆ ಸರಿದುಬಿಡುತ್ತದೆ, ಇಂಜಿನಿಯರುಗಳಿಗೂ ಯೋಜಕರಿಗೂ ಅದರಲ್ಲಿ ಕೈಯೇ ಇರಲಿಲ್ಲ ಎಂಬಂತೆ.

ಅವರ ಕೈಯಿತ್ತು. ಜಪಾನಿನ ಸಾಮ್ರಾಜ್ಯವನ್ನು ಕಟ್ಟಿದವರಲ್ಲಿ ಅವರೂ ಇದ್ದರು. ಅದನ್ನು ತರಗತಿಯಲ್ಲಿ ಹೇಳಿಕೊಡಿ ಎಂದು ಕೇಳಿಕೊಳ್ಳುವುದಕ್ಕೇ ಈ ಪತ್ರ.

ಒಂದು ನದಿಯ ಬಳಿ ಶುರು ಮಾಡುತ್ತೇನೆ. ಜಪಾನಿನ ಅತಿ ಉದ್ದದ ನದಿ ಶಿನಾನೊ. ಅದರ ನೆರೆಯಿಂದ ನೀಗಾತ ಬಯಲಿನ ಭತ್ತದ ಗದ್ದೆಗಳನ್ನು ಉಳಿಸಲು ಒಕೋಜು ಎಂಬಲ್ಲಿ ಕಾಲುವೆ ತೋಡಿ, ಪ್ರವಾಹವನ್ನು ನೇರ ಸಮುದ್ರಕ್ಕೆ ತಿರುಗಿಸಿದರು. 1922ರಲ್ಲಿ ನೀರು ಹರಿಯಿತು. 1927ರಲ್ಲಿ ತಳ ಕೊರೆದು ಅಲ್ಲಿನ ಒಡ್ಡು ಕುಸಿಯಿತು. ನದಿಯೆಲ್ಲ ಕಾಲುವೆಗೇ ನುಗ್ಗಿ, ಕೆಳಗಿನ ರೈತರಿಗೆ ನೀರಿಲ್ಲದಂತಾಯಿತು. ದುರಸ್ತಿಗೆಂದು ಗೃಹ ಖಾತೆ ಇಬ್ಬರು ಇಂಜಿನಿಯರುಗಳನ್ನು ಕಳುಹಿಸಿತು. ಹಿರಿಯರು ಅಒಯಾಮ ಅಕಿರ. ಪನಾಮಾ ಕಾಲುವೆಯ ಕೆಲಸದಲ್ಲಿ ದುಡಿದ ಏಕೈಕ ಜಪಾನಿ ಇಂಜಿನಿಯರ್ ಅವರು. ಸ್ಥಳದಲ್ಲಿ ನಿಂತು ಕೆಲಸ ನಡೆಸಿದ ಕಿರಿಯರು ಮಿಯಾಮೊತೊ ತಾಕೆನೊಸುಕೆ. 1931ರಲ್ಲಿ ಕೆಲಸ ಮುಗಿದಾಗ ಅಲ್ಲಿ ಒಂದು ಸ್ಮಾರಕ ನಿಲ್ಲಿಸಿದರು. ಇದೆಲ್ಲ ಮನುಕುಲಕ್ಕಾಗಿ, ನಾಡಿಗಾಗಿ ಎಂಬ ಅರ್ಥದ ಮಾತನ್ನು ಅದರ ಮೇಲೆ ಜಪಾನಿಯಲ್ಲೂ ಎಸ್ಪೆರಾಂಟೊದಲ್ಲೂ ಕೆತ್ತಿಸಿದರು. ಲೋಕದ ಜನರೆಲ್ಲ ಒಂದೇ ಭಾಷೆಯಲ್ಲಿ ಮಾತಾಡಲಿ ಎಂದು ಹುಟ್ಟಿಸಿದ ಭಾಷೆ ಅದು. ಮಂಚೂರಿಯಾವನ್ನು ಜಪಾನಿ ಸೇನೆ ಆಕ್ರಮಿಸಿದ್ದೂ ಅದೇ 1931ರಲ್ಲಿ.

ಮಿಯಾಮೊತೊ ಕೆಟ್ಟ ಮನುಷ್ಯ ಆಗಿದ್ದಿದ್ದರೆ ಈ ಪತ್ರದ ಅಗತ್ಯವೇ ಇರುತ್ತಿರಲಿಲ್ಲ. 1920ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ, ಅವರು ಗೆಳೆಯರ ಜೊತೆಗೂಡಿ ಜಪಾನ್ ಕೋಜಿನ್ ಕ್ಲಬ್ ಎಂಬ ಇಂಜಿನಿಯರುಗಳ ಸಂಘ ಕಟ್ಟಿದರು. ಅವರ ದೂರು ನಿಮಗೆ ಚೆನ್ನಾಗಿಯೇ ಅರ್ಥವಾಗುತ್ತದೆ. ಟೋಕಿಯೊ ಇಂಪೀರಿಯಲ್ ವಿಶ್ವವಿದ್ಯಾಲಯದ ಕಾನೂನು ಪದವೀಧರರು ಇಲಾಖೆಗಳ ತಲೆಯ ಮೇಲೆ ಕೂರುತ್ತಿದ್ದರು. ನದಿ, ಸೇತುವೆ, ರಸ್ತೆಗಳನ್ನು ಬಲ್ಲ ಇಂಜಿನಿಯರುಗಳು ಅವರು ಹೇಳಿದಂತೆ ಕೇಳಬೇಕಿತ್ತು. ತಂತ್ರಜ್ಞಾನ ಬಲ್ಲವರ ಮಾತಿಗೆ ಆಡಳಿತದಲ್ಲಿ ಬೆಲೆ ಬರಬೇಕು, ತಂತ್ರಜ್ಞಾನ ಜನರ ಸೇವೆಗೆ ಬಳಕೆಯಾಗಬೇಕು ಎಂಬುದು ಅವರ ಒತ್ತಾಯ. ನಮ್ಮ ಇಲಾಖೆಗಳ ಮುಖ್ಯ ಇಂಜಿನಿಯರುಗಳು ಐಎಎಸ್ ಅಧಿಕಾರಿಗಳ ಬಗ್ಗೆ ಇವತ್ತಿಗೂ ಹೇಳಿಕೊಳ್ಳುವ ಮಾತುಗಳೇ ಇವು. ನ್ಯಾಯವಾದ ಮಾತುಗಳು.

ಆ ನ್ಯಾಯವಾದ ಆಸೆಗೆ ತಾಯ್ನಾಡಿನಲ್ಲಿ ಸಿಗದ ಜಾಗ ವಸಾಹತಿನಲ್ಲಿ ಸಿಕ್ಕಿತು. ಅಲ್ಲಿ ಸಂಸತ್ತಿನ ಪ್ರಶ್ನೆಗಳಿಲ್ಲ, ಭೂಮಾಲೀಕರ ತಕರಾರಿಲ್ಲ, ಪತ್ರಿಕೆಗಳ ಟೀಕೆಯಿಲ್ಲ. ಇಡೀ ನದೀಪಾತ್ರವನ್ನು ಒಂದೇ ನಕ್ಷೆಯಲ್ಲಿ ಹಿಡಿದು ಅಣೆಕಟ್ಟು, ವಿದ್ಯುತ್, ಬಂದರು, ಕಾರ್ಖಾನೆ, ನಗರಗಳನ್ನೆಲ್ಲ ಒಟ್ಟಿಗೆ ಯೋಜಿಸಬಹುದು. 1938ರಲ್ಲಿ ಚೀನಾದ ಆಕ್ರಮಿತ ಪ್ರದೇಶಗಳ ಆಡಳಿತಕ್ಕೆಂದು ಏಷ್ಯಾ ಅಭಿವೃದ್ಧಿ ಮಂಡಳಿಯನ್ನು ತೆರೆದಾಗ ಅದರ ತಾಂತ್ರಿಕ ವಿಭಾಗಕ್ಕೆ ಮಿಯಾಮೊತೊ ಹೋದರು. 1941ರಲ್ಲಿ ಟೋಕಿಯೊ ಸರ್ಕಾರದ ಯೋಜನಾ ಮಂಡಳಿಯ ಉಪಾಧ್ಯಕ್ಷರಾದರು. ಇಂಜಿನಿಯರನೊಬ್ಬ ಅಷ್ಟು ಎತ್ತರಕ್ಕೆ ಏರಬೇಕೆಂಬ ಕನಸು ನನಸಾಯಿತು. ಅದು ಯುದ್ಧದ ಸರ್ಕಾರದಲ್ಲಿ ನನಸಾಯಿತು. ಪರ್ಲ್ ಹಾರ್ಬರ್ ದಾಳಿ ನಡೆದ ಅದೇ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

ಇನ್ನೊಂದು ಗುಂಪು ಮಂಚೂರಿಯಾದಲ್ಲಿತ್ತು. 1932ರಲ್ಲಿ ಹುಟ್ಟುಹಾಕಿದ ಮಂಚುಕುವೊ ಎಂಬ ಕೈಗೊಂಬೆ ರಾಜ್ಯ ಹೆಸರಿಗೆ ಚಕ್ರವರ್ತಿ ಪು ಯಿ ಅವರದು, ಹಿಡಿತ ಜಪಾನಿನ ಕ್ವಾಂಟುಂಗ್ ಸೇನೆಯದು, ದಿನದಿನದ ಆಡಳಿತ ಟೋಕಿಯೊದಿಂದ ಬಂದ ಯುವ ಅಧಿಕಾರಿಗಳದು. ಹಣಕಾಸಿಗೆ ಹೊಷಿನೊ ನಾಓಕಿ, ಕೈಗಾರಿಕೆಗೆ 1936ರಲ್ಲಿ ಬಂದಿಳಿದ ಕಿಶಿ ನೊಬುಸುಕೆ. ಮುಕ್ತ ಮಾರುಕಟ್ಟೆಯ ಗೊಂದಲವೂ ಬೇಡ, ಕಮ್ಯುನಿಸಮ್ಮೂ ಬೇಡ, ರಾಜ್ಯವೇ ಬಂಡವಾಳಕ್ಕೆ ದಾರಿ ತೋರಿಸಲಿ ಎಂಬುದು ಇವರ ಸಿದ್ಧಾಂತ. 1937ರಲ್ಲಿ ಜಾರಿಗೆ ಬಂದ ಮಂಚೂರಿಯಾದ ಪಂಚವಾರ್ಷಿಕ ಯೋಜನೆಗೆ ತಳಹದಿ ಹಾಕಿದ ಮಿಯಾಜಾಕಿ ಮಸಯೋಷಿ ಮಾಸ್ಕೋದಲ್ಲಿ ಓದಿದವರು, ಸೋವಿಯತ್ ಯೋಜನೆಯನ್ನು ಬಲ್ಲವರು. ಉಕ್ಕು, ಕಲ್ಲಿದ್ದಲು, ವಿದ್ಯುತ್, ವಿಮಾನ ಎಲ್ಲಕ್ಕೂ ಗುರಿ ನಿಗದಿಯಾಯಿತು. ನಿಸ್ಸಾನ್ ಸಮೂಹದ ಅಯುಕಾವ ಯೋಷಿಸುಕೆ ತಮ್ಮ ಕಂಪನಿಯನ್ನೇ ಅಲ್ಲಿಗೆ ಸಾಗಿಸಿದರು. ಅಗಲ ಬೀದಿಗಳ ಹೊಸ ರಾಜಧಾನಿ ಎದ್ದಿತು. 1934ರಿಂದ ಓಡಿದ ಏಷ್ಯಾ ಎಕ್ಸ್‌ಪ್ರೆಸ್ ರೈಲಿನ ಬೋಗಿಗಳಲ್ಲಿ ಹವಾನಿಯಂತ್ರಣವಿತ್ತು. ಈ ಬೆಳಕಿನ ಹಿಂದೆಯೇ ಸರ್ಕಾರದ ಅಫೀಮು ಮಾರಾಟದ ಏಕಸ್ವಾಮ್ಯವೂ ಇತ್ತು, ಅದರ ಲಾಭ ಬೊಕ್ಕಸಕ್ಕೆ ಬರುತ್ತಿತ್ತು. ಯುದ್ಧಾನಂತರ ಟೋಕಿಯೊ ವಿಚಾರಣೆಯಲ್ಲಿ ಹೊಷಿನೊ ಅವರ ಮುಂದೆ ಈ ಕಡತಗಳೂ ಬಂದವು.

ನೀವು ಸಿವಿಲ್ ವಿಭಾಗದವರಾಗಿದ್ದರೆ ಕುಬೊತ ಯುತಕ ಅವರ ಕೆಲಸವನ್ನು ಒಮ್ಮೆ ಬಿಡಿಸಿ ನೋಡಿ. ಆಗ ಜಪಾನಿನ ವಸಾಹತಾಗಿದ್ದ ಕೊರಿಯಾದ ಉತ್ತರದ ಎತ್ತರದ ನಾಡಿನಲ್ಲಿ ಪುಜೊನ್, ಚಾಂಗ್‌ಜಿನ್ ಮುಂತಾದ ನದಿಗಳು ಉತ್ತರಕ್ಕೆ, ಯಾಲು ನದಿಯತ್ತ, ನಿಧಾನ ಇಳಿಜಾರಿನಲ್ಲಿ ಹರಿಯುತ್ತವೆ. ಆದರೆ ಅದೇ ಬೆಟ್ಟಸಾಲಿನ ಇನ್ನೊಂದು ಮಗ್ಗುಲಲ್ಲಿ ಪೂರ್ವದ ಕಡಲಿನ ಕಡೆಗೆ ನೆಲ ಕಡಿದಾಗಿ ಬೀಳುತ್ತದೆ. ನದಿಗೆ ಅಡ್ಡಗಟ್ಟಿ, ಬೆಟ್ಟದೊಳಗೆ ಸುರಂಗ ಕೊರೆದು, ನೀರನ್ನು ಹಿಂದಕ್ಕೆ ತಿರುಗಿಸಿ ಆ ಕಡಿದಿನಲ್ಲಿ ಬೀಳಿಸಿದರೆ ಬೇಕಾದಷ್ಟು ವಿದ್ಯುತ್. ಕುಬೊತ ಇದನ್ನು ಮಾಡಿ ತೋರಿಸಿದರು. ಬಂದ ವಿದ್ಯುತ್ತನ್ನು ಉದ್ಯಮಿ ನೊಗುಚಿ ಶಿತಗಾವು ಅವರ ನಿಚ್ಚಿತ್ಸು ಕಂಪನಿ ಹುಂಗ್ನಾಮ್ ಎಂಬ ಮೀನುಗಾರರ ಹಳ್ಳಿಯಲ್ಲಿ ಕಟ್ಟಿದ ರಸಗೊಬ್ಬರ ಕಾರ್ಖಾನೆಗೆ ಹರಿಸಿದರು. ಅಮೋನಿಯಾದಿಂದ ಗೊಬ್ಬರವೂ ಆಗುತ್ತದೆ, ಸಿಡಿಮದ್ದೂ ಆಗುತ್ತದೆ. ಯುದ್ಧ ಬಂದಾಗ ಎರಡೂ ಆಯಿತು.

ಅದರ ಮುಂದಿನ ಹೆಜ್ಜೆ ಯಾಲು ನದಿಯ ಮೇಲಿನ ಸುಪುಂಗ್ ಅಣೆಕಟ್ಟು. ಕೆಲಸ ಶುರುವಾದದ್ದು 1937ರಲ್ಲಿ. ಎತ್ತರ 106 ಮೀಟರ್, ಉದ್ದ ಸುಮಾರು 900 ಮೀಟರ್. ಒಂದೊಂದೂ 1 ಲಕ್ಷ ಕಿಲೋವ್ಯಾಟ್ ಸಾಮರ್ಥ್ಯದ 7 ಯಂತ್ರಗಳಿಗೆ ಜಾಗ. 1941ರಲ್ಲಿ ಮೊದಲ ವಿದ್ಯುತ್ ಹರಿದಾಗ ಇದು ಜಗತ್ತಿನ ಅತಿ ದೊಡ್ಡ ಜಲವಿದ್ಯುತ್ ಯೋಜನೆಗಳಲ್ಲಿ ಒಂದು. ಇಲ್ಲಿಯವರೆಗಿನ ವಿವರವೆಲ್ಲ ನಿಮ್ಮ ಜಲಶಕ್ತಿ ಪಾಠಕ್ಕೆ ಹೇಳಿ ಮಾಡಿಸಿದಂತಿದೆ. ಪಾಠ ಇಲ್ಲಿಗೆ ಮುಗಿಯಬಾರದು. ಆ ಜಲಾಶಯಕ್ಕಾಗಿ ನದಿಯ ಎರಡೂ ದಡದ ಸುಮಾರು 70,000 ಜನ ಮನೆ, ಹೊಲ ಬಿಟ್ಟು ಏಳಬೇಕಾಯಿತು. ಶರಾವತಿ ಮತ್ತು ಕೃಷ್ಣೆಯ ದಂಡೆಯವರಿಗೆ ಮುಳುಗಡೆ ಎಂದರೇನೆಂದು ನಾನು ವಿವರಿಸಬೇಕಿಲ್ಲ. ಆದರೆ ಸುಪುಂಗಿನ ರೈತರಿಗೆ ಮತದಾನವಿರಲಿಲ್ಲ, ಕೋರ್ಟಿನ ಬಾಗಿಲಿರಲಿಲ್ಲ, ಅವರ ಪರ ಮಾತನಾಡುವ ಶಾಸಕರಿರಲಿಲ್ಲ. ಎದುರಿಗೆ ಇದ್ದದ್ದು ಪೊಲೀಸರು. ವಿರೋಧಿಸಿದವರ ಹೆಸರು ಡಕಾಯಿತರ ಪಟ್ಟಿಗೆ ಸೇರುತ್ತಿತ್ತು. ಅದೇ ಹೊತ್ತಿಗೆ ಮಂಚೂರಿಯಾದ ಜಿಲಿನ್ ಬಳಿ ಸುಂಗಾರಿ ನದಿಗೆ ಫೆಂಗ್‌ಮನ್ ಅಣೆಕಟ್ಟು ಏಳುತ್ತಿತ್ತು. ಅಲ್ಲಿ ದುಡಿಸಿಕೊಂಡ ಚೀನೀ ಕೂಲಿಗಳಲ್ಲಿ ಸತ್ತವರನ್ನು ಸಾಮೂಹಿಕ ಗುಂಡಿಗಳಲ್ಲಿ ಹೂಳಿದರು. ಆ ಜಾಗದಲ್ಲಿ ಇವತ್ತು ಸ್ಮಾರಕವಿದೆ.

ಎಲ್ಲ ವಸಾಹತಿನ ಕೆಲಸವೂ ಹೀಗೆಯೇ ಇತ್ತೆಂದು ನಾನು ಹೇಳಲಾರೆ. ತೈವಾನಿನಲ್ಲಿ ಹತ್ತ ಯೋಇಚಿ ಎಂಬ ಇಂಜಿನಿಯರ್ 1920ರಿಂದ 1930ರವರೆಗೆ ದುಡಿದು ವುಷಾನ್‌ತೌ ಜಲಾಶಯ ಮತ್ತು ಅದರ ನಾಲೆಗಳನ್ನು ಕಟ್ಟಿದರು. ಒಣ ಬಯಲಿಗೆ ನೀರು ಬಂತು. ಅಲ್ಲಿನ ರೈತರ ಮಕ್ಕಳು, ಮೊಮ್ಮಕ್ಕಳು ಇಂದಿಗೂ ಅವರ ಪ್ರತಿಮೆಗೆ ನಮಿಸುತ್ತಾರೆ. ಆ ಕೃತಜ್ಞತೆ ನಿಜವಾದದ್ದು, ಅದನ್ನು ಅಲ್ಲಗಳೆಯುವ ಹಕ್ಕು ನನಗಿಲ್ಲ. ಆ ನೀರಿನಲ್ಲಿ ಬೆಳೆದ ಅಕ್ಕಿಯೂ ಸಕ್ಕರೆಯೂ ಯಾರ ಪೇಟೆಗೆ ಹೋಗಬೇಕೆಂದು ಜಪಾನೇ ತೀರ್ಮಾನಿಸುತ್ತಿದ್ದದ್ದೂ ಅಷ್ಟೇ ನಿಜ. 1942ರ ಮೇ ತಿಂಗಳಲ್ಲಿ, ಆಕ್ರಮಿತ ಫಿಲಿಪ್ಪೀನ್ಸಿನಲ್ಲಿ ಹತ್ತಿ ಬೆಳೆಗೆ ನೀರಾವರಿ ಸಮೀಕ್ಷೆ ಮಾಡಲು ಹೊರಟಿದ್ದ ಹತ್ತ ಅವರ ಹಡಗು ಟಾರ್ಪಿಡೊಗೆ ಸಿಕ್ಕಿ ಮುಳುಗಿ ಅವರು ಸತ್ತರು. ಜಪಾನ್ ಸೋತ ಮೇಲೆ, 1945ರ ಸೆಪ್ಟೆಂಬರ್ 1ರಂದು, ಅವರ ಹೆಂಡತಿ ವುಷಾನ್‌ತೌ ಜಲಾಶಯದ ತೂಬಿನ ನೀರಿಗೆ ಹಾರಿಕೊಂಡರು. ಈ ಕುಟುಂಬದ ಕತೆಯನ್ನು ಓದುವಾಗ ಯಾರ ಮನಸ್ಸೂ ಕಲಕುತ್ತದೆ. ಒಳ್ಳೆಯ ನಾಲೆ ಕಟ್ಟಿದ ಒಳ್ಳೆಯ ಮನುಷ್ಯನೂ ಆ ವ್ಯವಸ್ಥೆಯ ಹೊರಗೆ ನಿಂತಿರಲಿಲ್ಲ ಎಂಬುದನ್ನು ವಿದ್ಯಾರ್ಥಿಗಳಿಗೆ ಹೇಳಿ. ಕಟ್ಟಿದವರನ್ನೆಲ್ಲ ರಾಕ್ಷಸರೆಂದು ಚಿತ್ರಿಸಿದರೆ ವಿದ್ಯಾರ್ಥಿಗಳು ಏನನ್ನೂ ಕಲಿಯುವುದಿಲ್ಲ, ಯಾಕೆಂದರೆ ತಾವು ರಾಕ್ಷಸರಲ್ಲ ಎಂದು ಅವರಿಗೆ ಗೊತ್ತಿರುತ್ತದೆ.

ಇನ್ನು ಲೆಕ್ಕದ ವಿಷಯ. 1937ರ ಅಕ್ಟೋಬರಿನಲ್ಲಿ ಟೋಕಿಯೊದಲ್ಲಿ ಯೋಜನಾ ಮಂಡಳಿ ಶುರುವಾಯಿತು. ಮರುವರ್ಷ ರಾಷ್ಟ್ರೀಯ ಸಾರ್ವತ್ರಿಕ ಕ್ರೋಡೀಕರಣ ಕಾನೂನು ಬಂದು, ಕಾರ್ಮಿಕರು, ಕಚ್ಚಾವಸ್ತು, ಬೆಲೆ, ಸಂಬಳ ಎಲ್ಲವನ್ನೂ ಆದೇಶದ ಮೂಲಕ ನಿಯಂತ್ರಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ಉಕ್ಕು ಇಷ್ಟು ಟನ್, ತಾಮ್ರ ಇಷ್ಟು, ಹಡಗು ಇಷ್ಟು ಎಂದು ಹಂಚುವ ಕೋಷ್ಟಕಗಳನ್ನು ಮಂಡಳಿ ತಯಾರಿಸುತ್ತಿತ್ತು. 1939ರಿಂದ ಮನುಷ್ಯರಿಗೂ ಕೋಷ್ಟಕ ಬಂತು. ಆ ವರ್ಷದ ದುಡಿಮೆಗಾರರ ಯೋಜನೆಯಲ್ಲಿ ಕೊರಿಯಾದಿಂದ ತರಬೇಕಾದವರೆಂದು ನಮೂದಿಸಿದ ಸಂಖ್ಯೆ 85,000. ಟೋಕಿಯೊದ ಮೇಜಿನ ಮೇಲೆ ಅದೊಂದು ಅಂಕಿ. ಕೊರಿಯಾದ ಹಳ್ಳಿಗಳಲ್ಲಿ ಆ ಅಂಕಿ ತುಂಬಿಸಲು ಅಧಿಕಾರಿಗಳೂ ಪೊಲೀಸರೂ ಮನೆಮನೆಗೆ ಹೋದರು. ಯುದ್ಧ ಬಿಗಡಾಯಿಸಿದಂತೆ ಜನರನ್ನು ಒಪ್ಪಿಸುವುದು ಹೋಗಿ ಎಳೆದೊಯ್ಯುವುದು ಬಂತು. 1942ರ ನವೆಂಬರ್ 27ರಂದು ಚೀನೀ ದುಡಿಮೆಗಾರರನ್ನೂ ಜಪಾನಿಗೆ ತರಲು ಪ್ರಧಾನಿ ತೋಜೊ ಅವರ ಸಂಪುಟ ತೀರ್ಮಾನಿಸಿತು. ಆ ಸಂಪುಟದ ವಾಣಿಜ್ಯ ಮತ್ತು ಕೈಗಾರಿಕಾ ಮಂತ್ರಿ ಕಿಶಿ ನೊಬುಸುಕೆ. ಯುದ್ಧ ಮುಗಿದ ಮೇಲೆ ಜಪಾನಿನ ವಿದೇಶಾಂಗ ಖಾತೆಯೇ ಸಿದ್ಧಪಡಿಸಿದ ವರದಿಯ ಪ್ರಕಾರ ಹೀಗೆ ತಂದ ಚೀನೀಯರು 38,935. ಗಣಿ, ಬಂದರು, ಅಣೆಕಟ್ಟು ಸೇರಿ 135 ಕಡೆ ಅವರನ್ನು ದುಡಿಸಿದರು. ಸತ್ತವರು 6,830.

ಲೆಕ್ಕವೇ ಸತ್ಯ ಹೇಳುತ್ತದೆ, ಲೆಕ್ಕ ಬಲ್ಲವರು ಮುಂದಾಳುಗಳಾದರೆ ಹುಚ್ಚು ಯುದ್ಧಗಳು ನಡೆಯುವುದಿಲ್ಲ ಎಂದು ನಿಮ್ಮಲ್ಲಿ ಕೆಲವರಾದರೂ ಹೇಳಬಹುದು. ಜಪಾನಿನಲ್ಲಿ ಲೆಕ್ಕ ಬಲ್ಲವರೇ ಎರಡು ಬಗೆಯ ಲೆಕ್ಕ ಮಾಡಿದ್ದರು. 1941ರ ಬೇಸಿಗೆಯಲ್ಲಿ ಸಮಗ್ರ ಯುದ್ಧ ಸಂಶೋಧನಾ ಸಂಸ್ಥೆ ಎಂಬಲ್ಲಿ ಇಲಾಖೆಗಳು, ಸೇನೆ ಮತ್ತು ಕಂಪನಿಗಳಿಂದ ಆರಿಸಿದ ಮೂವತ್ತು ಚಿಲ್ಲರೆ ಯುವಕರ ಅಣಕು ಸಂಪುಟ ರಚಿಸಿ, ಅಮೆರಿಕದ ಮೇಲೆ ಯುದ್ಧ ಹೂಡಿದರೆ ಏನಾಗುತ್ತದೆಂದು ಲೆಕ್ಕ ಹಾಕಲು ಹೇಳಿದರು. ಹಡಗುಗಳ ನಷ್ಟ, ಎಣ್ಣೆ, ಉಕ್ಕು ಎಲ್ಲವನ್ನೂ ಕೂಡಿ ಕಳೆದು ಅವರು ಸೋಲು ಖಚಿತ, ಕೊನೆಗೆ ರಷ್ಯಾ ಕೂಡ ಯುದ್ಧಕ್ಕಿಳಿಯುತ್ತದೆ ಎಂದರು. ಆಗಸ್ಟ್ ಕೊನೆಯಲ್ಲಿ ಪ್ರಧಾನಿ ಕೊನೊಯೆ ಮತ್ತವರ ಮಂತ್ರಿಗಳ ಮುಂದೆಯೇ ಅದನ್ನು ಮಂಡಿಸಿದರು. ಯುದ್ಧ ಮೇಜಿನ ಮೇಲಿನ ಲೆಕ್ಕದಂತೆ ನಡೆಯುವುದಿಲ್ಲ ಎಂದರು ಆಗ ಯುದ್ಧಮಂತ್ರಿಯಾಗಿದ್ದ ತೋಜೊ. ನವೆಂಬರಿನಲ್ಲಿ ಚಕ್ರವರ್ತಿಯ ಸಮ್ಮುಖದ ಸಭೆಯಲ್ಲಿ ಯೋಜನಾ ಮಂಡಳಿಯ ಅಧ್ಯಕ್ಷ ಸುಜುಕಿ ತೆಯಿಚಿ ಬೇರೆ ಲೆಕ್ಕ ಇಟ್ಟರು. ದಕ್ಷಿಣದ ಎಣ್ಣೆಬಾವಿಗಳನ್ನು ಹಿಡಿದರೆ ಮೂರನೆಯ ವರ್ಷವೂ ಎಣ್ಣೆ ಉಳಿಯುತ್ತದೆ, ನಾಗರಿಕ ಬಳಕೆಗೆ 30 ಲಕ್ಷ ಟನ್ ಹಡಗು ಇದ್ದರೆ ಸಾಕು, ಮೊದಲ ವರ್ಷ ಮುಳುಗುವುದು 8ರಿಂದ 10 ಲಕ್ಷ ಟನ್ ಎಂದಿತ್ತು ಅದರಲ್ಲಿ. 1944ರ ಒಂದೇ ವರ್ಷದಲ್ಲಿ ಮುಳುಗಿದ್ದು 30 ಲಕ್ಷ ಟನ್ನಿಗೂ ಹೆಚ್ಚು. ಮೇಲಿನವರು ಬಯಸುವ ಉತ್ತರ ಮೊದಲೇ ತಿಳಿದಿದ್ದಾಗ, ಆ ಉತ್ತರ ಬರುವವರೆಗೆ ಅಂಕಿಗಳನ್ನು ಒಗ್ಗಿಸುವ ಕೆಲಸ ಎಂಥದೆಂದು ಯಾವುದೇ ಇಲಾಖೆಯಲ್ಲಿ ಅಂದಾಜುಪಟ್ಟಿ ಬರೆದವರಿಗೆ ಗೊತ್ತು.

ಆ ಲೆಕ್ಕಗಳ ಬೆಲೆ ತೆತ್ತವರು ಬಹಳ ದೂರದಲ್ಲಿದ್ದರು. ಬಂಗಾಳದ ಸೆಣಬು ಸಿಗದಾದಾಗ, ಜಪಾನಿ ಸೇನೆಯ ಹಿಡಿತದಲ್ಲಿದ್ದ ವಿಯೆಟ್ನಾಮಿನ ಉತ್ತರದಲ್ಲಿ ಭತ್ತದ ಗದ್ದೆಗಳಿಗೆ ಸೆಣಬು ಹಾಕಿಸಿದರು, ಉಳಿದ ಭತ್ತದಲ್ಲೂ ಪಾಲು ವಸೂಲಿ ಮಾಡಿದರು. 1944–45ರ ಬರಗಾಲದಲ್ಲಿ ಅಲ್ಲಿ ಸತ್ತವರ ಅಂದಾಜು 4 ಲಕ್ಷದಿಂದ 20 ಲಕ್ಷದವರೆಗೆ ಇದೆ. ಥಾಯ್ಲೆಂಡ್–ಬರ್ಮಾ ನಡುವಿನ 415 ಕಿಲೋಮೀಟರ್ ರೈಲುಹಾದಿಯನ್ನು ಸುಮಾರು ಹದಿನೈದು ತಿಂಗಳಲ್ಲಿ ಮುಗಿಸಿದ ಜಪಾನಿ ಸೇನೆಯ ರೈಲ್ವೆ ರೆಜಿಮೆಂಟುಗಳಲ್ಲಿ ನುರಿತ ಇಂಜಿನಿಯರುಗಳಿದ್ದರು. ಮಲಯದ ರಬ್ಬರ್ ತೋಟಗಳಿಂದ ಅಲ್ಲಿಗೆ ಸಾಗಿಸಿದ ತಮಿಳು ಕೂಲಿಗಳಲ್ಲಿ ಅನೇಕರು ಕಾಲರಾ ಬಂದು ಶಿಬಿರಗಳಲ್ಲೇ ಸತ್ತರು. ಅದೇ ಕೆಲಸದಲ್ಲಿ ಸತ್ತ ಪಾಶ್ಚಾತ್ಯ ಯುದ್ಧಕೈದಿಗಳಿಗಿರುವಂತೆ ಹೆಸರು ಕೆತ್ತಿದ ಸಾಲು ಸಮಾಧಿಗಳು ಅವರಿಗಿಲ್ಲ.

ಆ ಇಂಜಿನಿಯರುಗಳಿಗೆ, ಯೋಜಕರಿಗೆ ಬೇರೆ ದಾರಿ ಎಲ್ಲಿತ್ತು ಎಂಬ ಪ್ರಶ್ನೆ ನಿಮ್ಮ ತರಗತಿಯಲ್ಲಿ ಖಂಡಿತ ಬರುತ್ತದೆ. ಕೆಲವರು ದಾರಿ ಹುಡುಕಿದರು. ಟೋಕಿಯೊ ಇಂಪೀರಿಯಲ್ ವಿಶ್ವವಿದ್ಯಾಲಯದಲ್ಲಿ ವಸಾಹತು ನೀತಿಯನ್ನೇ ಬೋಧಿಸುತ್ತಿದ್ದ ಯನೈಹರ ತದಾಒ ಚೀನಾ ಮೇಲಿನ ಯುದ್ಧವನ್ನು ಟೀಕಿಸಿ 1937ರ ಡಿಸೆಂಬರಿನಲ್ಲಿ ಹುದ್ದೆ ಕಳೆದುಕೊಂಡರು. ಯೋಜನಾ ಮಂಡಳಿಯೊಳಗೇ ಇದ್ದ ಎಡಪಂಥೀಯ ಒಲವಿನ ಕೆಲವರನ್ನು 1941ರಲ್ಲಿ ಜೈಲಿಗೆ ಹಾಕಿದರು. ಅವರು ರಾಜ್ಯದ ಬಲದಿಂದ ಸಮಾಜ ಸುಧಾರಿಸಬಹುದೆಂದು ನಂಬಿ ಒಳಗೆ ಹೋದವರು. ಅವರ ಯೋಜನೆಗಳನ್ನು ರಾಜ್ಯ ಬಳಸಿಕೊಂಡಿತು, ಅವರನ್ನು ಬಿಸಾಡಿತು. ಒಕೋಜುವಿನ ಹಿರಿಯರಾದ ಅಒಯಾಮ 1936ರಲ್ಲಿ ನಿವೃತ್ತರಾದರು. ಅವರ ಮುಂದಾಳತ್ವದ ಸಮಿತಿ 1938ರಲ್ಲಿ ಜಪಾನಿನ ಸಿವಿಲ್ ಇಂಜಿನಿಯರುಗಳಿಗೆ ನೀತಿಸಂಹಿತೆ ರಚಿಸಿತು. ಸಾರ್ವತ್ರಿಕ ಕ್ರೋಡೀಕರಣ ಕಾನೂನು ಬಂದದ್ದೂ ಅದೇ ವರ್ಷ. ವೃತ್ತಿನೀತಿಯ ಪಾಠ ಮಾಡುವವರು ಈ ಎರಡು ಸಂಗತಿಗಳನ್ನು ಒಂದೇ ಹಲಗೆಯ ಮೇಲೆ ಬರೆಯಲಿ. ಸಂಹಿತೆ ಸೊಗಸಾಗಿಯೇ ಇತ್ತು. ಅದೇ ವೃತ್ತಿಯ ಇಂಜಿನಿಯರುಗಳೇ ಆಗ ಯಾಲು ನದಿಯ ಮೇಲೆ ದುಡಿಯುತ್ತಿದ್ದರು. ಮನುಕುಲದ ಸೇವೆ ಎಂಬ ಮಾತು ಅವರನ್ನು ತಡೆಯಲಿಲ್ಲ. ತಾವು ಮಾಡುತ್ತಿರುವುದು ಅದನ್ನೇ ಎಂದು ಅವರು ನಂಬಿದ್ದರು. ನೀರು ನಿಲ್ಲುವ ಜಾಗದಲ್ಲಿ ಇರುವವರು ಬೇಡ ಎನ್ನಬಹುದೇ ಎಂಬ ಪ್ರಶ್ನೆಯನ್ನು ಅವರು ಕೇಳಿಕೊಳ್ಳಲಿಲ್ಲ. ನನ್ನ ಮಟ್ಟಿಗೆ ಇಡೀ ಚರಿತ್ರೆಯ ಗಂಟು ಇರುವುದು ಅಲ್ಲಿ.

1945ರ ಆಮೇಲೆ ಏನಾಯಿತೆಂಬುದನ್ನೂ ಹೇಳಬೇಕು, ಯಾಕೆಂದರೆ ಅದು ನಮ್ಮ ದೇಶದವರೆಗೆ ಬರುತ್ತದೆ. ಕಿಶಿ ಯುದ್ಧಾಪರಾಧದ ಶಂಕಿತರಾಗಿ ಸುಗಾಮೊ ಜೈಲಿನಲ್ಲಿದ್ದು, ವಿಚಾರಣೆಯಿಲ್ಲದೆ 1948ರ ಡಿಸೆಂಬರಿನಲ್ಲಿ ಹೊರಬಂದರು. 1957ರಲ್ಲಿ ಪ್ರಧಾನಿಯಾದರು. ಆ ವರ್ಷದ ಮೇ ತಿಂಗಳಲ್ಲಿ ದೆಹಲಿಗೆ ಬಂದು ನೆಹರೂ ಅವರನ್ನು ಕಂಡರು. ಮರುವರ್ಷ ಜಪಾನ್ ತನ್ನ ಮೊಟ್ಟಮೊದಲ ಯೆನ್ ಸಾಲವನ್ನು ಭಾರತಕ್ಕೆ ಕೊಟ್ಟಿತು. ಸರಿಸುಮಾರು ಅದೇ ಕಾಲಕ್ಕೆ ಭಾರತಕ್ಕೆ ಜಪಾನಿನ ರಾಯಭಾರಿಯಾಗಿ ಬಂದ ಕೃಷಿತಜ್ಞ ನಾಸು ಶಿರೋಷಿ, ಮಂಚೂರಿಯಾಕ್ಕೆ ಜಪಾನಿ ರೈತರನ್ನು ವಲಸೆ ಕಳುಹಿಸುವ ಯೋಜನೆಗೆ 1930ರ ದಶಕದಲ್ಲಿ ಒತ್ತಾಸೆಯಾಗಿದ್ದವರು. ಆ ರೈತರಿಗೆ ಕೊಟ್ಟ ಜಮೀನಿನಲ್ಲಿ ಬಹುಪಾಲು ಚೀನೀ, ಕೊರಿಯನ್ ರೈತರಿಂದ ಅಗ್ಗಕ್ಕೆ ಕಿತ್ತುಕೊಂಡದ್ದು. ಸುಪುಂಗಿನ ಕುಬೊತ ಯುದ್ಧಾನಂತರ ನಿಪ್ಪೋನ್ ಕೋಎಯ್ ಎಂಬ ಸಲಹಾ ಸಂಸ್ಥೆ ಕಟ್ಟಿ, ಬರ್ಮಾದಲ್ಲಿ ಯುದ್ಧ ಪರಿಹಾರದ ಹಣದಿಂದ ಜಲವಿದ್ಯುತ್ ಯೋಜನೆ ರೂಪಿಸಿದರು. ನಿಚ್ಚಿತ್ಸು ಕಂಪನಿಯ ಕೊರಿಯಾದ ಕಾರ್ಖಾನೆಗಳು ಕೈತಪ್ಪಿದರೂ ಮಿನಮಾತದ ಕಾರ್ಖಾನೆ ಉಳಿಯಿತು. 1956ರಲ್ಲಿ ಅಲ್ಲಿನ ಮೀನುಗಾರರ ಮಕ್ಕಳಲ್ಲಿ ಪಾದರಸದ ಕಾಯಿಲೆ ಬೆಳಕಿಗೆ ಬಂತು. ಮುಂಬೈ–ಅಹಮದಾಬಾದ್ ನಡುವೆ ನಾವು ಹಾಕುತ್ತಿರುವ ಬುಲೆಟ್ ರೈಲಿನ ಮೂಲವನ್ನು ಕೆದಕಿದರೂ, ಟೋಕಿಯೊದಿಂದ ಶಿಮೊನೊಸೆಕಿಗೆ, ಅಲ್ಲಿಂದ ಕೊರಿಯಾ ದಾಟಿ ಬೀಜಿಂಗಿಗೆ ಹೋಗಬೇಕೆಂದು 1940ರಲ್ಲಿ ಹಾಕಿದ ಯೋಜನೆ ಸಿಗುತ್ತದೆ. ಆಗ ಕೊಂಡ ಜಮೀನು, ಕೊರೆದ ಸುರಂಗಗಳು 1964ರ ರೈಲಿಗೆ ಬಳಕೆಯಾದವು.

ಆ ಸಾಲವನ್ನೋ ರೈಲನ್ನೋ ತಿರಸ್ಕರಿಸಬೇಕೆಂದು ನಾನು ಹೇಳುತ್ತಿಲ್ಲ. ಕಲಿಸಿ ಎಂದು ಕೇಳುತ್ತಿದ್ದೇನೆ. ಜಲವಿದ್ಯುತ್ ಪಾಠದಲ್ಲಿ ಚಾಂಗ್‌ಜಿನ್ ಸುರಂಗಗಳ ಜಾಣತನವನ್ನು ಹೇಳುವ ದಿನವೇ ಮುಳುಗಿದ ಹಳ್ಳಿಗಳ ಲೆಕ್ಕವನ್ನೂ ಹಾಕಿಸಿ. ಯೋಜನಾ ವರದಿ ಬರೆಯುವ ಅಭ್ಯಾಸ ಕೊಡುವಾಗ ಸ್ಥಳಾಂತರಗೊಳ್ಳುವವರ ಸಂಖ್ಯೆಯ ಪಕ್ಕದಲ್ಲಿ ಅವರನ್ನು ಕೇಳಿದವರು ಯಾರು, ಅವರು ಏನೆಂದರು, ಅವರು ಒಪ್ಪದಿದ್ದರೆ ಯೋಜನೆ ಬದಲಾಗುತ್ತದೆಯೇ ಎಂಬ ಅಂಕಣವನ್ನೂ ಬರೆಸಿ, ಅದಕ್ಕೂ ಅಂಕ ಕೊಡಿ. ವೃತ್ತಿನೀತಿಯ ತರಗತಿಯನ್ನು ಪರೀಕ್ಷೆಗೆ ಮುಂಚಿನ ವಾರದಲ್ಲಿ ಟಿಪ್ಪಣಿ ಬರೆಸಿ ಮುಗಿಸಬೇಡಿ. ಸೆಪ್ಟೆಂಬರ್ 15ರ ಸಭೆಗೆ ಅತಿಥಿಗಳನ್ನು ಹುಡುಕುವಾಗ ನಿಮ್ಮ ಊರಿನ ಪದವಿ ಕಾಲೇಜಿನ ಇತಿಹಾಸ ಅಧ್ಯಾಪಕರೊಬ್ಬರನ್ನೂ, ಅಣೆಕಟ್ಟಿಗಾಗಿ ಊರು ಬಿಟ್ಟ ಹಿರಿಯರೊಬ್ಬರನ್ನೂ ವೇದಿಕೆಗೆ ಕರೆಯಿರಿ. ಮೊದಲು ಅವರು ಮಾತಾಡಲಿ, ಆಮೇಲೆ ನೀವು.

ಇಂತಿ,
ನಿಮ್ಮ ವೃತ್ತಿಯ ಮೇಲೆ ಅಕ್ಕರೆಯುಳ್ಳ ಒಬ್ಬ ಓದುಗ